ನಮ್ಮ ಮನೆಮಾತು ಭಾಷೆಯೋ, ಉಪಭಾಷೆಯೋ: ಕೇಳಿ, ಬರೆದು, ಹೋಲಿಸಿ ನೋಡುವ ಬಗೆ

ಪುತ್ತೂರಿನಲ್ಲಿ ನಮ್ಮ ಮನೆಯ ಹಿಂದಿನ ಬಿಡಾರಕ್ಕೆ ಕುಂದಾಪುರದ ಕಡೆಯಿಂದ ವರ್ಗವಾಗಿ ಬಂದ ಟೀಚರೊಬ್ಬರು ಬಾಡಿಗೆಗೆ ಇದ್ದರು. ಬಂದ ಮೊದಲ ವಾರದಲ್ಲೇ ಒಂದು ಬೆಳಿಗ್ಗೆ ಬಸ್ ನಿಲ್ದಾಣಕ್ಕೆ ಹೋಗಲು ರಿಕ್ಷಾ ಹೇಳಿಟ್ಟಿದ್ದರು. ರಿಕ್ಷಾದವರು ಫೋನು ಮಾಡಿ "ಟೀಚರ್, ಯಾನ್ ಬತ್ತೆ" ಎಂದರು. ಟೀಚರು "ಆಯ್ತ್, ಬನ್ನಿ" ಎಂದು ಹೇಳಿ ನಿಶ್ಚಿಂತೆಯಿಂದ ತಲೆ ಬಾಚಿಕೊಳ್ಳಲು ಕುಳಿತರು. ರಿಕ್ಷಾ ಗೇಟಿನ ಹೊರಗೆ ಕಾಲು ಗಂಟೆ ಕಾದು ನಿಂತಿತು, ಬಸ್ಸು ತಪ್ಪಿಹೋಯಿತು. ಕುಂದಾಪುರದ ಕನ್ನಡದಲ್ಲಿ 'ಬತ್ತೆ' ಎಂದರೆ ಬರುತ್ತೇನೆ. ತುಳುವಿನಲ್ಲಿ 'ಬತ್ತೆ' ಎಂದರೆ ಬಂದೆ. ನಮ್ಮ ಮನೆಯೊಳಗೆ ಆಡುವ ಹವ್ಯಕದಲ್ಲಿಯೂ 'ಆನು ಬತ್ತೆ' ಎಂದರೆ ಬರುತ್ತೇನೆ ಎಂದೇ ಅರ್ಥವಾದ್ದರಿಂದ, ಟೀಚರ ಜಾಗದಲ್ಲಿ ತುಳು ತಿಳಿಯದ ಹವ್ಯಕರೊಬ್ಬರು ಇದ್ದಿದ್ದರೆ ಅವರಿಗೂ ಬಸ್ಸು ತಪ್ಪುತ್ತಿತ್ತು.

ಆ ದಿನ ಒಂದೇ ಒಂದು ಕ್ರಿಯಾಪದವು ಮೂರು ಮಾತುಗಳನ್ನು ಎರಡು ಗುಂಪಾಗಿ ಬೇರ್ಪಡಿಸಿ ತೋರಿಸಿತು. ಆದರೆ ನಮ್ಮ ಊರಿನಲ್ಲಿ ಈ ವಿಚಾರ ಬಂದಾಗ ನಡೆಯುವ ಚರ್ಚೆಯಲ್ಲಿ ಇಂಥ ಸಾಕ್ಷ್ಯಕ್ಕೆ ಜಾಗವೇ ಇರುವುದಿಲ್ಲ. ತುಳುವಿಗೆ ಲಿಪಿ ಬಳಕೆಯಲ್ಲಿಲ್ಲ, ಆದ್ದರಿಂದ ಅದು ಭಾಷೆಯಲ್ಲ ಎನ್ನುವವರಿದ್ದಾರೆ. ಹವ್ಯಕವನ್ನು 'ಬರೀ ಮನೆಮಾತು' ಎಂದು ಹವ್ಯಕರೇ ಹೇಳಿಕೊಳ್ಳುತ್ತಾರೆ. ಸುಳ್ಯ, ಮಡಿಕೇರಿ ಕಡೆಯ ಗೌಡರು ಆಡುವ ಅರೆಭಾಷೆಗೆ ಹೆಸರಿನಲ್ಲಿಯೇ 'ಅರೆ' ಎಂದಿರುವುದರಿಂದ ಅದು ಪೂರ್ಣವಾದ ಮಾತಲ್ಲವೆಂದು ನಂಬಿದವರೂ ಇದ್ದಾರೆ. ತಮ್ಮ ಮನೆಮಾತನ್ನು ಕುರಿತು ಇಂಥ ಮಾತು ಕೇಳಿ ಬೇಸರಪಟ್ಟವರು, ಅಥವಾ ಕಾಲೇಜಿನ ಯೋಜನಾ ಕಾರ್ಯಕ್ಕಾಗಿ ತಮ್ಮ ಊರಿನ ನುಡಿಯನ್ನು ಪರೀಕ್ಷಿಸಬೇಕೆಂದಿರುವವರು, ತಾವೇ ಕೂತು ಈ ಪ್ರಶ್ನೆಯನ್ನು ಹೇಗೆ ಬಿಡಿಸಬಹುದೆಂದು ತೋರಿಸುವುದು ಈ ಬರಹದ ಉದ್ದೇಶ.

ಮೊದಲು ಪ್ರಶ್ನೆಯನ್ನು ಒಡೆಯಿರಿ

'ಇದು ಭಾಷೆಯೋ ಉಪಭಾಷೆಯೋ' ಎಂಬುದು ನೋಡಲು ಒಂದು ಪ್ರಶ್ನೆ. ಒಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿವೆ. ಎರಡು ಮಾತುಗಳು ಹುಟ್ಟಿನಿಂದ ಎಷ್ಟು ಹತ್ತಿರದ ನಂಟರು ಎಂಬುದು ಮೊದಲನೆಯದು. ಒಂದನ್ನು ಆಡುವವರಿಗೆ ಇನ್ನೊಂದು, ಕಲಿಯದೆಯೇ, ಎಷ್ಟು ತಿಳಿಯುತ್ತದೆ ಎಂಬುದು ಎರಡನೆಯದು. ಸಮಾಜ, ಸರಕಾರ, ಸಾಹಿತ್ಯ ಇವು ಆ ಮಾತಿಗೆ ಯಾವ ಸ್ಥಾನ ಕೊಟ್ಟಿವೆ, ಆಡುವವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆ ಎಂಬುದು ಮೂರನೆಯದು. ಈ ಮೂರಕ್ಕೂ ಬೇರೆ ಬೇರೆ ಸಾಕ್ಷ್ಯ ಬೇಕು, ಮೂರರ ಉತ್ತರಗಳು ಒಂದೇ ಕಡೆಗೆ ಬೊಟ್ಟು ಮಾಡಲೇಬೇಕೆಂದಿಲ್ಲ. ನಾನು ಕಂಡ ಹೆಚ್ಚಿನ ಜಗಳಗಳಲ್ಲಿ ಒಬ್ಬರು ಮೊದಲನೆಯ ಪ್ರಶ್ನೆಗೆ ಉತ್ತರಿಸುತ್ತಿರುತ್ತಾರೆ, ಎದುರಿನವರು ಮೂರನೆಯದಕ್ಕೆ. ಇಬ್ಬರೂ ಸರಿಯಾಗಿಯೇ ಹೇಳುತ್ತಿದ್ದರೂ ಮಾತು ಮುಗಿಯುವುದಿಲ್ಲ.

ಭಾರತದ ಭಾಷಾ ಸಮೀಕ್ಷೆಯನ್ನು ನಡೆಸಿ 179 ಭಾಷೆಗಳನ್ನೂ 544 ಉಪಭಾಷೆಗಳನ್ನೂ ಎಣಿಸಿದ ಜಾರ್ಜ್ ಗ್ರಿಯರ್‌ಸನ್ ಅವರೇ ಈ ಎರಡು ಪದಗಳನ್ನು ಬೆಟ್ಟ ಮತ್ತು ಗುಡ್ಡಗಳಿಗೆ ಹೋಲಿಸಿದ್ದರು. ಕುದುರೆಮುಖ ಬೆಟ್ಟವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ, ನಮ್ಮ ತೋಟದ ಮೇಲಿನದು ಗುಡ್ಡವೆಂಬುದರಲ್ಲಿಯೂ ಇಲ್ಲ. ನಡುವಿನವುಗಳನ್ನು ಕುರಿತೇ ತಕರಾರು. ಹಾಗೆಂದು ಎತ್ತರವನ್ನು ಅಳೆಯುವುದೇ ವ್ಯರ್ಥವೆಂದು ಆಗುವುದಿಲ್ಲ. ಅಳೆದು ಅಡಿಗಳಲ್ಲಿ ಹೇಳಿದರೆ ಹೆಸರಿನ ತಕರಾರು ಇದ್ದರೂ ಎತ್ತರ ಎಲ್ಲರಿಗೂ ತಿಳಿಯುತ್ತದೆ.

ಇನ್ನೊಂದು ಎಚ್ಚರವನ್ನು ಆರಂಭದಲ್ಲಿಯೇ ಹೇಳಬೇಕು. ಉಪಭಾಷೆ ಎಂದರೆ ಪುಸ್ತಕದ ಭಾಷೆ ಕೆಟ್ಟು ಆದದ್ದಲ್ಲ. ನಮ್ಮ ಹವ್ಯಕದ 'ಆನು', 'ಎನಗೆ' ಎಂಬ ರೂಪಗಳು ಹಳಗನ್ನಡದ 'ಆನ್', 'ಎನಗೆ' ಎಂಬವುಗಳೇ. ಪುಸ್ತಕದ ಕನ್ನಡವು ಅವನ್ನು ಬಿಟ್ಟು 'ನಾನು', 'ನನಗೆ' ಎಂದು ಮುಂದೆ ಹೋಯಿತು, ಹವ್ಯಕ ಇಟ್ಟುಕೊಂಡಿತು. ಪುಸ್ತಕದ ಕನ್ನಡವೂ ಕನ್ನಡದ ಒಂದು ರೂಪವೇ, ಶಾಲೆ ಮತ್ತು ಪತ್ರಿಕೆಗಳ ಬೆಂಬಲ ಪಡೆದ ರೂಪ. 9ನೆಯ ಶತಮಾನದ 'ಕವಿರಾಜಮಾರ್ಗ'ವೇ 'ಕನ್ನಡಂಗಳ್' ಎಂದು ಬಹುವಚನ ಬಳಸಿ, ದೇಸಿ ಬೇರೆ ಬೇರೆಯಾಗಿರುವುದರಿಂದ ಅವುಗಳ ವ್ಯತ್ಯಾಸಗಳನ್ನು ಅರಿಯಲು ಹೋದರೆ ವಾಸುಕಿಗೂ ಬೇಸರ ಬಂದೀತು ಎನ್ನುತ್ತದೆ. ಈ ಪರೀಕ್ಷೆಗೆ ಕೂರುವವರು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು.

ಪದಗಳ ಪಟ್ಟಿ ಮಾಡುವುದು

ಒಂದು ನೋಟ್‌ಪುಸ್ತಕ, ಧ್ವನಿಮುದ್ರಣಕ್ಕೆ ಮೊಬೈಲ್ ಫೋನು, ಮತ್ತು ಆ ಮಾತನ್ನು ಮನೆಯಲ್ಲಿ ಆಡಿಕೊಂಡೇ ಬೆಳೆದ ಮೂರು ನಾಲ್ಕು ಮಂದಿ ಹಿರಿಯರು ಇದ್ದರೆ ಕೆಲಸ ಆರಂಭಿಸಬಹುದು. ಮುದ್ರಿಸಿಕೊಳ್ಳುವ ಮೊದಲು ಅವರ ಒಪ್ಪಿಗೆ ಕೇಳಿ, ಯಾಕೆ ಎಂದು ವಿವರಿಸಿ ಹೇಳಿ.

ಮೊದಲು ನೂರು ಪದಗಳ ಒಂದು ಪಟ್ಟಿ ಮಾಡಿಕೊಳ್ಳಿ. ಅಮೆರಿಕದ ಭಾಷಾವಿಜ್ಞಾನಿ ಮಾರಿಸ್ ಸ್ವಾದೇಶ್ ಅವರು 1950ರ ದಶಕದಲ್ಲಿ ಸಿದ್ಧಪಡಿಸಿದ ಇಂಥ ಪಟ್ಟಿಯನ್ನು ಇಂದಿಗೂ ಬಳಸುತ್ತಾರೆ. ಅದರ ಹಿಂದಿನ ಯೋಚನೆ ಸರಳವಾದುದು: ಮೈಯ ಅಂಗಗಳು, ನೀರು, ಬೆಂಕಿ, ಮಣ್ಣು, ಕಲ್ಲು, ನಾಯಿ, ಮೀನು, ಹಕ್ಕಿ, ಒಂದು, ಎರಡು, ನಾನು, ನೀನು, ಬಾ, ಹೋಗು, ತಿನ್ನು, ಸಾಯಿ ಇಂಥ ಪದಗಳನ್ನು ಜನರು ಸುಲಭವಾಗಿ ಹೊರಗಿನಿಂದ ತಂದುಕೊಳ್ಳುವುದಿಲ್ಲ. ಪೂಜೆ, ಶಾಲೆ, ಕಚೇರಿ, ಪೇಟೆಗಳ ಪದಗಳನ್ನು ಪಟ್ಟಿಯಿಂದ ಹೊರಗಿಡಿ. 'ದೇವಸ್ಥಾನ', 'ಅರ್ಜಿ', 'ದುಡ್ಡು' ಇವು ಊರೂರು ಸುತ್ತುವ ಪದಗಳಾದ್ದರಿಂದ ಅವು ಹೊಂದಿಕೊಂಡರೂ ನಂಟನ್ನು ತೋರಿಸುವುದಿಲ್ಲ.

ಕೇಳುವ ಕ್ರಮದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಕನ್ನಡದಲ್ಲಿ ಪದವನ್ನು ಹೇಳಿ 'ಇದಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ' ಎಂದು ಕೇಳಿದರೆ, ಎದುರಿನವರು ಗೌರವದಿಂದಲೋ ಸಂಕೋಚದಿಂದಲೋ ಆ ಕನ್ನಡ ಪದವನ್ನೇ ತಿರುಗಿ ಹೇಳಿಬಿಡುತ್ತಾರೆ. ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ತುಳು ಮನೆಮಾತಿನ ಹಿರಿಯರೊಬ್ಬರನ್ನು ನಾನು ಹೀಗೆಯೇ ಜಗಲಿಯಲ್ಲಿ ಕೂರಿಸಿ 'ಮಳೆ'ಗೆ ಪದ ಕೇಳಿದಾಗ, "ಮಳೆಯೇ ಅಲ್ವಾ ಅಣ್ಣ" ಎಂದರು. ನಾನೂ ಹಾಗೆಯೇ ಬರೆದುಕೊಂಡೆ. ಮರುದಿನ ಮಧ್ಯಾಹ್ನ ಅಂಗಳದಲ್ಲಿ ಹರಡಿದ್ದ ಅಡಿಕೆಯನ್ನು ಬಾಚುತ್ತ "ಬರ್ಸ ಬತ್ತ್ಂಡ್" ಎಂದು ಅವರೇ ಕೂಗಿಕೊಂಡಾಗ ನನ್ನ ಪುಸ್ತಕ ತಪ್ಪೆಂದು ತಿಳಿಯಿತು. ಆದ್ದರಿಂದ ವಸ್ತುವನ್ನು ತೋರಿಸಿ ಕೇಳಿ, ಕೆಲಸ ನಡೆಯುವಲ್ಲಿಯೇ ಕೇಳಿ, ಸಾಧ್ಯವಾದರೆ ಕೇಳದೆ ಸುಮ್ಮನೆ ಕಿವಿಗೊಡಿ. ಅಂದು ಸಿಕ್ಕಿದ 'ಬರ್ಸ'ವೂ ಸಂಸ್ಕೃತದ 'ವರ್ಷ'ದಿಂದ ಬಂದ ಎರವಲೇ ಎಂಬುದನ್ನು ಗಮನಿಸಿ. ಮಳೆಯಂಥ ಪದವೂ ಎರವಲಾಗಬಹುದಾದ್ದರಿಂದಲೇ ಒಂದೆರಡು ಪದಗಳನ್ನು ನೋಡಿ ತೀರ್ಮಾನ ಹೇಳಬಾರದು, ನೂರು ಬೇಕು.

ಪಟ್ಟಿ ತುಂಬಿದ ಮೇಲೆ ಒಂದೇ ಮೂಲದ ಪದಗಳು ಎಷ್ಟಿವೆ ಎಂದು ಎಣಿಸಬೇಕು. ಕ್ಷೇತ್ರಕಾರ್ಯ ಮಾಡುವವರ ರೂಢಿಯಂತೆ, ಮೂಲ ಪದಗಳಲ್ಲಿ ಹೋಲುವವು ಶೇ. 60ಕ್ಕಿಂತ ಸ್ಪಷ್ಟವಾಗಿ ಕಡಿಮೆಯಿದ್ದರೆ ಅವು ಬೇರೆ ಭಾಷೆಗಳೆಂದೇ ಹಿಡಿಯಬಹುದು. ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳನ್ನು ಮಾಡಿ ನೋಡಬೇಕು. ಎಣಿಕೆಯಲ್ಲಿ ಮೋಸ ಮಾಡುವ ಪದಗಳೂ ಇವೆ. ಕೊಡವದಲ್ಲಿ 'ನರಿ' ಎಂದರೆ ಹುಲಿ. ಹುಲಿಯನ್ನು ಕೊಂದ ವೀರನಿಗೆ ಹಿಂದೆ ಮಾಡುತ್ತಿದ್ದ ಗೌರವಕ್ಕೆ 'ನರಿ ಮಂಗಲ' ಎಂದೇ ಹೆಸರು. ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ಸದ್ದು ಹೋಲುತ್ತದೆಂದು ಅರ್ಥ ವಿಚಾರಿಸದೆ ಟಿಕ್ಕು ಹಾಕಿದರೆ ಲೆಕ್ಕ ಕೆಡುತ್ತದೆ.

ಸದ್ದುಗಳ ಬದಲಾವಣೆಯನ್ನು ಹಿಡಿಯುವುದು

ಎಷ್ಟು ಪದಗಳು ಹೋಲುತ್ತವೆ ಎಂಬುದಕ್ಕಿಂತ, ಹೋಲದಿರುವಲ್ಲಿ ಅವು ಹೇಗೆ ಬೇರೆಯಾಗಿವೆ ಎಂಬುದು ಹೆಚ್ಚಿನದನ್ನು ಹೇಳುತ್ತದೆ, ಮತ್ತು ನನಗೆ ಈ ಇಡೀ ಕೆಲಸದಲ್ಲಿ ಅತಿ ಸಂತೋಷ ಕೊಡುವ ಭಾಗವೂ ಇದೇ. ಹಳಗನ್ನಡದಲ್ಲಿ ಪಾಲ್, ಪುಲಿ, ಪಕ್ಕಿ, ಪೊಸ, ಪೋಗು ಎಂದಿದ್ದ ಪದಗಳು ಈಗ ಹಾಲು, ಹುಲಿ, ಹಕ್ಕಿ, ಹೊಸ, ಹೋಗು ಆಗಿವೆ. ಪದದ ಮೊದಲಿನ 'ಪ'ಕಾರ 'ಹ'ಕಾರವಾಗುವ ಈ ಬದಲಾವಣೆ 10ನೆಯ ಶತಮಾನದ ಆಸುಪಾಸಿನಿಂದ ಕಾಣಿಸಿಕೊಂಡು ಮುಂದಿನ ಕೆಲವು ಶತಮಾನಗಳಲ್ಲಿ ಕನ್ನಡವನ್ನೆಲ್ಲ ವ್ಯಾಪಿಸಿತು. ಈಗ ನಿಮ್ಮ ಪಟ್ಟಿಯಲ್ಲಿ ಈ ಐದು ಪದಗಳ ಎದುರು ಏನಿದೆಯೆಂದು ನೋಡಿ. ಧಾರವಾಡದಲ್ಲಿ, ಕುಂದಾಪುರದಲ್ಲಿ, ಹವ್ಯಕರ ಮನೆಯಲ್ಲಿ, ಎಲ್ಲ ಕಡೆಯೂ 'ಹ'ಕಾರವೇ ಇದೆ. ತುಳುವಿನಲ್ಲಿ ಪೇರ್, ಪಿಲಿ, ಪಕ್ಕಿ, ಪೊಸ, ಪೋಪುನೆ ಎಂದು 'ಪ'ಕಾರ ಹಾಗೆಯೇ ಉಳಿದಿದೆ. ಅಂದರೆ ಈ ಬದಲಾವಣೆಯಲ್ಲಿ ಹವ್ಯಕ, ಕುಂದಗನ್ನಡಗಳು ಕನ್ನಡದ ಜೊತೆಗೇ ನಡೆದಿವೆ, ತುಳು ನಡೆಯಲಿಲ್ಲ.

ಇದೇ ವ್ಯತ್ಯಾಸವನ್ನು ಕೊಡಗಿನಲ್ಲಿ ಒಂದು ಹಬ್ಬದ ಹೆಸರಿನಲ್ಲಿಯೇ ಕೇಳಬಹುದು. ಹೊಸ ಅಕ್ಕಿಯ ಹಬ್ಬವನ್ನು ಕೊಡವರು 'ಪುತ್ತರಿ' ಎನ್ನುತ್ತಾರೆ. ಕನ್ನಡ ಪತ್ರಿಕೆಗಳು 'ಹುತ್ತರಿ' ಎಂದು ಬರೆಯುತ್ತವೆ. ಹಬ್ಬ ಒಂದು, ದಿನ ಒಂದು, ಕದಿರು ತೆಗೆಯುವ ಗದ್ದೆಯೂ ಒಂದೇ. ಹೆಸರಿನ ಮೊದಲ ಅಕ್ಷರದಲ್ಲಿ ಎರಡು ಭಾಷೆಗಳ ಚರಿತ್ರೆಯಿದೆ. ಕೊಡವವು ಕರ್ನಾಟಕದೊಳಗೇ ಇದ್ದರೂ ವಂಶವೃಕ್ಷದಲ್ಲಿ ಅದು ಕನ್ನಡಕ್ಕಿಂತ ತಮಿಳು, ಮಲಯಾಳಗಳ ಕೊಂಬೆಗೆ ಹತ್ತಿರವೆಂದು ದ್ರಾವಿಡ ಭಾಷೆಗಳ ವಿದ್ವಾಂಸರು ಹೇಳುತ್ತಾರೆ. ಜಿಲ್ಲೆಯ ಗಡಿ, ರಾಜ್ಯದ ಗಡಿ ಇವುಗಳನ್ನು ನೋಡಿ ಭಾಷೆಯ ನಂಟನ್ನು ಊಹಿಸಬಾರದೆಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಸಿಗುವುದಿಲ್ಲ. ಹಾಗೆಯೇ ಕರಾವಳಿಯ ಬ್ಯಾರಿಗಳ ಮಾತಿಗೆ ಮಲಯಾಳದ ನಂಟಿದೆ, ಸಂಕೇತಿಗಳ ಮಾತಿಗೆ ತಮಿಳಿನದು.

ಒಂದೇ ನಿಯಮಕ್ಕೆ ನಿಲ್ಲಬೇಡಿ, ಇನ್ನೂ ಒಂದೆರಡನ್ನು ಹುಡುಕಿ. ಕನ್ನಡದ ಕಾಲು, ತಲೆ, ಕೋಳಿಗಳಿಗೆ ತುಳುವಿನಲ್ಲಿ ಕಾರ್, ತರೆ, ಕೋರಿ ಎಂದಿರುವುದನ್ನು ಸಾಲಾಗಿ ಬರೆದರೆ ಅಲ್ಲಿಯೂ ಒಂದು ಕ್ರಮ ತಾನಾಗಿ ಕಾಣುತ್ತದೆ. ಆ 'ತರೆ'ಯನ್ನೇ ಕೆಲವೆಡೆ 'ಸರೆ' ಎಂದೂ 'ಹರೆ' ಎಂದೂ ಹೇಳುತ್ತಾರೆ. ತುಳುವಿಗೇ ಹೀಗೆ ತನ್ನವೇ ಆದ ಉಪಭಾಷೆಗಳಿರುವುದು, ಅದನ್ನು ಇನ್ನೊಂದರ ಉಪಭಾಷೆಯೆನ್ನುವ ಮೊದಲು ಯೋಚಿಸಬೇಕಾದ ಸಂಗತಿ.

ವ್ಯಾಕರಣಕ್ಕೆ ಹೆಚ್ಚಿನ ತೂಕ

ಪದಗಳು ಅತಿಥಿಗಳಂತೆ ಬಂದು ಹೋಗುತ್ತವೆ. ಕ್ರಿಯಾಪದದ ಪ್ರತ್ಯಯಗಳು, ಸರ್ವನಾಮಗಳು, ಇಲ್ಲವೆನ್ನುವ ಕ್ರಮ ಇವು ಮನೆಯ ಕಂಬಗಳು. ಆದ್ದರಿಂದ ಪಟ್ಟಿಯ ಜೊತೆಗೆ ಮೂವತ್ತು ಸಣ್ಣ ವಾಕ್ಯಗಳನ್ನೂ ಕೇಳಿ ಬರೆದುಕೊಳ್ಳಿ: ನಾನು ಬರುತ್ತೇನೆ, ಬಂದೆ, ಬಂದಿದ್ದೇನೆ, ಬರುವುದಿಲ್ಲ, ಅವನು, ಅವಳು, ಅದು, ಅವರು ಎಂದು ಇವನ್ನೇ ಬದಲಿಸಿ, ನನಗೆ, ನನ್ನಿಂದ, ಮನೆಯಲ್ಲಿ, ಮನೆಗೆ.

'ಬರುವುದಿಲ್ಲ' ಎಂಬ ಒಂದನ್ನೇ ನೋಡೋಣ. ಧಾರವಾಡದ ಕಡೆ 'ಬರಂಗಿಲ್ಲ' ಎನ್ನುತ್ತಾರೆ, ಹವ್ಯಕದಲ್ಲಿ 'ಬತ್ತಿಲ್ಲೆ' ಎನ್ನುತ್ತೇವೆ. ಕಿವಿಗೆ ಬೇರೆ ಬೇರೆಯಾಗಿ ಕೇಳಿದರೂ ಎಲ್ಲದರಲ್ಲಿಯೂ 'ಇಲ್ಲ' ಎಂಬುದೇ ಕೊನೆಗೆ ನಿಂತಿದೆ. ತುಳುವಿನಲ್ಲಿ 'ಬರ್ಪುಜಿ'; ಬಿಡಿಯಾಗಿ 'ಇಲ್ಲ' ಎನ್ನಬೇಕಾದರೆ 'ಇಜ್ಜಿ', 'ಇಲ್ಲ್' ಎಂದರೆ ಮನೆ. ಇನ್ನು 'ಬತ್ತೆ' ಮತ್ತು 'ಬೈದೆ' ಎಂಬ ಜೋಡಿ: ತುಳುವಿನಲ್ಲಿ ಮೊದಲನೆಯದು 'ಬಂದೆ', ಎರಡನೆಯದು 'ಬಂದಿದ್ದೇನೆ'. ಕನ್ನಡವು 'ಇರು' ಧಾತುವನ್ನು ಜೋಡಿಸಿ ಹೇಳುವುದನ್ನು ತುಳು ಒಂದೇ ಪದದೊಳಗೆ ಹೇಳುತ್ತದೆ. ರಾಬರ್ಟ್ ಕಾಲ್ಡ್‌ವೆಲ್ ಅವರು 1856ರಲ್ಲಿ ಮೊದಲು ಪ್ರಕಟವಾದ ತಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ತುಳುವನ್ನು ಆ ಕುಟುಂಬದ ಅತ್ಯಂತ ಬೆಳೆದ ಭಾಷೆಗಳಲ್ಲಿ ಒಂದೆಂದು ಮೆಚ್ಚಿದರು. ಅವರು ತುಳುವಿಗೆ ಎಷ್ಟು ಗ್ರಂಥಗಳಿವೆಯೆಂದು ಎಣಿಸಿ ಹಾಗೆ ಹೇಳಿದ್ದಲ್ಲ, ಅದರ ವ್ಯಾಕರಣವನ್ನು ಕಂಡು ಹೇಳಿದ್ದು.

ಇಲ್ಲಿಯೂ ಒಂದು ಲಕ್ಷಣ ಸಿಕ್ಕಿತೆಂದು ಆತುರಪಡಬಾರದು. ಕೇಳುವವರನ್ನು ಬಿಟ್ಟು 'ನಾವು' ಎನ್ನುವುದಕ್ಕೂ ಸೇರಿಸಿಕೊಂಡು 'ನಾವು' ಎನ್ನುವುದಕ್ಕೂ ತುಳುವಿನಲ್ಲಿ 'ಎಂಕುಲು', 'ನಮ' ಎಂಬ ಎರಡು ಪದಗಳಿವೆ. ನಮ್ಮ ಕಡೆಯ ಹವ್ಯಕದಲ್ಲಿಯೂ 'ಎಂಗೊ', 'ನಾವು' ಎಂಬ ಇದೇ ಭೇದವಿದೆ, ಪುಸ್ತಕದ ಕನ್ನಡದಲ್ಲಿ ಇಲ್ಲ. ಇದೊಂದನ್ನೇ ಹಿಡಿದರೆ ಹವ್ಯಕ ತುಳುವಿನ ಪಾಲಾಗುತ್ತದೆ. ಆದರೆ ಧ್ವನಿಯ ನಿಯಮ, ಕ್ರಿಯಾಪದದ ಪ್ರತ್ಯಯ, ಇಲ್ಲವೆನ್ನುವ ಕ್ರಮ ಎಲ್ಲವೂ ಕನ್ನಡದ ಕಡೆಗಿರುವಾಗ ಇದು ಹಳೆಯದೊಂದು ಉಳಿದುಕೊಂಡದ್ದೋ ನೆರೆಹೊರೆಯ ಬಳಕೆಯೋ ಆಗಿರಬೇಕೆಂದು ತಿಳಿಯಬೇಕಾಗುತ್ತದೆ. ಸಾಕ್ಷಿಗಳು ಒಟ್ಟಾಗಿ ಎತ್ತ ಹೇಳುತ್ತವೆ ಎಂಬುದು ಮುಖ್ಯ.

ಕೇಳಿಸಿ ನೋಡುವುದು

ಎರಡನೆಯ ಪ್ರಶ್ನೆ, ಅಂದರೆ ಪರಸ್ಪರ ತಿಳಿಯುತ್ತದೆಯೇ ಎಂಬುದು, ಪುಸ್ತಕ ನೋಡಿ ಉತ್ತರಿಸುವಂಥದಲ್ಲ. ಆ ಮಾತಿನ ಹಿರಿಯರೊಬ್ಬರಿಂದ ತಮ್ಮ ಜೀವನದ ಒಂದು ಘಟನೆಯನ್ನು ಮೂರು ನಿಮಿಷ ಹೇಳಿಸಿ ಮುದ್ರಿಸಿಕೊಳ್ಳಿ. ಎಲ್ಲರಿಗೂ ಗೊತ್ತಿರುವ ಕಥೆ ಬೇಡ. ಆಮೆ ಮೊಲದ ಕಥೆಯನ್ನು ಯಾವ ಭಾಷೆಯಲ್ಲಿ ಹೇಳಿದರೂ ಕೇಳುಗರು ಊಹಿಸಿಬಿಡುತ್ತಾರೆ. ಅದರ ಮೇಲೆ ಹತ್ತು ಸಣ್ಣ ಪ್ರಶ್ನೆಗಳನ್ನು ಸಿದ್ಧಪಡಿಸಿ, ಇನ್ನೊಂದು ಮಾತಿನವರಿಗೆ ಕೇಳಿಸಿ, ಅವರ ಮನೆಮಾತಿನಲ್ಲಿಯೇ ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳಿ. ಒಬ್ಬರಿಗೆ ನಿಲ್ಲಿಸದೆ ಐದಾರು ಮಂದಿಗೆ ಕೇಳಿಸಿ, ಮತ್ತು ಎರಡೂ ದಿಕ್ಕಿನಲ್ಲಿ ಮಾಡಿ, ಏಕೆಂದರೆ ತಿಳಿಯುವಿಕೆ ಎರಡು ಕಡೆಯಿಂದಲೂ ಸಮವಾಗಿರುವುದು ಅಪರೂಪ.

ಕೇಳುಗರ ಆಯ್ಕೆಯಲ್ಲಿ ಅತ್ಯಂತ ಕಟ್ಟುನಿಟ್ಟಾಗಿರಿ. ಮಂಗಳೂರಿನ ತುಳುವರಿಗೆ ಕನ್ನಡ ತಿಳಿಯುತ್ತದೆ, ಆದ್ದರಿಂದ ತುಳು ಕನ್ನಡದ ಉಪಭಾಷೆ ಎಂಬ ವಾದವನ್ನು ನಾನು ವಿದ್ಯಾವಂತರ ಬಾಯಿಂದಲೂ ಕೇಳಿದ್ದೇನೆ. ಅವರಿಗೆ ಕನ್ನಡ ತಿಳಿಯುವುದು ಶಾಲೆಯಲ್ಲಿ ಕಲಿತದ್ದರಿಂದ, ಯಕ್ಷಗಾನ ನೋಡಿದ್ದರಿಂದ, ಪತ್ರಿಕೆ ಓದಿದ್ದರಿಂದ. ಅದು ಎರಡು ಭಾಷೆ ಬಲ್ಲವರ ಜಾಣ್ಮೆ, ಎರಡು ಭಾಷೆಗಳ ಹೋಲಿಕೆಯಲ್ಲ. ಇದೇ ತರ್ಕದಲ್ಲಿ ಹೋದರೆ ಬೆಳಗಾವಿಯಲ್ಲಿ ಎರಡೂ ಬಲ್ಲವರಿರುವುದರಿಂದ ಮರಾಠಿಯೂ ಕನ್ನಡದ ಉಪಭಾಷೆಯಾಗಬೇಕು. ತುಳುವಿನ ಪರೀಕ್ಷೆಗೆ ಬೇಕಾದ ಕೇಳುಗರು ಘಟ್ಟದ ಮೇಲಿನವರು, ಕರಾವಳಿಯಲ್ಲಿ ವಾಸ ಮಾಡದವರು, ತುಳು ಸಿನಿಮಾ ನೋಡುವ ಹವ್ಯಾಸವಿಲ್ಲದವರು.

ನಮ್ಮ ದೊಡ್ಡಮ್ಮ ಹೇಳಿದ ಒಂದು ಹವ್ಯಕ ಪ್ರಸಂಗವನ್ನು ನಾನು ಕಲಬುರಗಿಯ ಗೆಳೆಯರ ತಾಯಿಗೆ ಕೇಳಿಸಿದ್ದೆ. ದನವೊಂದು ಹಗ್ಗ ಬಿಚ್ಚಿಕೊಂಡು ಹೋದಾಗ ಅದನ್ನು ಅತ್ತೆ ಹುಡುಕಿಕೊಂಡು ಹೋದ ಪ್ರಸಂಗ ಅದು. ಅವ್ವ ಕಣ್ಣು ಮುಚ್ಚಿ ಗಮನವಿಟ್ಟು ಕೇಳಿದರು. ದನ, ಹಗ್ಗ, ಬಾವಿ, ಕತ್ತಲೆ ಎಲ್ಲವೂ ತಿಳಿಯಿತು. "ಅದು ಬಾವಿ ಕಟ್ಟೆ ಹತ್ತರೆ ಹೋತು" ಎಂಬಲ್ಲಿಗೆ ಬಂದಾಗ, "ಅಯ್ಯೋ ಶಿವನೇ, ಆಕಳ ಬಾವ್ಯಾಗ ಬಿತ್ತೇನ್ರಿ" ಎಂದು ಬೆಚ್ಚಿದರು. ಬಾವಿಕಟ್ಟೆಗೆ ಹೋದದ್ದು ಆಕಳಲ್ಲ, ಅತ್ತೆ. ಹವ್ಯಕದಲ್ಲಿ ಹೆಂಗಸರನ್ನು ಕುರಿತು 'ಅದು ಬಂತು', 'ಅದು ಹೋತು' ಎಂದು ನಪುಂಸಕ ಲಿಂಗದಲ್ಲಿ ಹೇಳುವುದು ವಾಡಿಕೆ, ಅಗೌರವವಲ್ಲ. ಹತ್ತರಲ್ಲಿ ಆರು ಉತ್ತರಗಳು ಸರಿ ಬಂದವು. ತಪ್ಪಿದ ನಾಲ್ಕರಲ್ಲಿ ಮೂರಕ್ಕೆ ಈ 'ಅದು' ಎಂಬುದೇ ಕಾರಣವಾಗಿತ್ತು. ಅಂಕದ ಜೊತೆಗೆ ತಪ್ಪಿದ ಕಾರಣವನ್ನೂ ಬರೆದಿಡಬೇಕೆಂದು ನಾನು ಕಲಿತದ್ದು ಆ ದಿನ. ಕಾರಣವನ್ನು ಒಮ್ಮೆ ಹೇಳಿಕೊಟ್ಟ ಮೇಲೆ ಅವ್ವ ಎರಡನೆಯ ಮುದ್ರಣವನ್ನು ಬಹುಪಾಲು ತಿಳಿದುಕೊಂಡರು. ಹೀಗೆ ಬೇಗ ಹಿಡಿತಕ್ಕೆ ಬರುವುದು ಉಪಭಾಷೆಯ ಲಕ್ಷಣ. ತುಳುವಿನ ಮುದ್ರಣ ಕೇಳಿಸಿದಾಗ ಅವರು ಅರ್ಧ ನಿಮಿಷಕ್ಕೆ "ಇದು ನಮ್ಮ ಮಾತಲ್ಲ ಬಿಡ್ರಿ" ಎಂದು ಫೋನನ್ನು ಕೈಗೆ ಕೊಟ್ಟರು.

ಊರಿಂದ ಊರಿಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಗುವ ಮಾತುಗಳಲ್ಲಿ ಎರಡು ತುದಿಯವರನ್ನಷ್ಟೇ ಎದುರುಬದುರು ಕೂರಿಸಿದರೆ ಸರಿಯಾದ ಚಿತ್ರ ಸಿಗುವುದಿಲ್ಲ. ಮೈಸೂರಿನ 'ಇದೆ', ಧಾರವಾಡದ 'ಐತಿ', ಕಲಬುರಗಿಯ 'ಅದ', ಮಂಗಳೂರಿನ 'ಉಂಟು' ಇವುಗಳ ನಡುವಿನ ಊರುಗಳಲ್ಲಿ ಎರಡೂ ರೂಪ ಬಲ್ಲವರಿರುತ್ತಾರೆ, ಅವರ ಮೂಲಕ ಸರಪಳಿ ಕೂಡಿಕೊಂಡಿರುತ್ತದೆ. ಸರಪಳಿ ಎಲ್ಲಿಯೂ ಕಡಿಯದಿದ್ದರೆ ತುದಿಗಳ ಅ‌ಂತರ ದೊಡ್ಡದಿದ್ದರೂ ಒಂದೇ ಭಾಷೆಯೆಂದು ಹಿಡಿಯುವುದು ನ್ಯಾಯ.

ಮನ್ನಣೆಯ ಪ್ರಶ್ನೆ

ಲಿಪಿಯ ವಾದವನ್ನು ಬೇಗನೆ ಮುಗಿಸಬಹುದು. ಕೊಂಕಣಿಯನ್ನು ಗೋವೆಯಲ್ಲಿ ದೇವನಾಗರಿ ಮತ್ತು ರೋಮನ್ ಲಿಪಿಗಳಲ್ಲಿ, ನಮ್ಮಲ್ಲಿ ಕನ್ನಡ ಲಿಪಿಯಲ್ಲಿ, ಕೇರಳದಲ್ಲಿ ಮಲಯಾಳ ಲಿಪಿಯಲ್ಲಿ ಬರೆಯುತ್ತಾರೆ, ಭಾಷೆ ಒಂದೇ. ಹಿಂದಿ ಮತ್ತು ಉರ್ದುಗಳ ಆಡುಮಾತಿನ ವ್ಯಾಕರಣ ಒಂದೇ, ಲಿಪಿ ಎರಡು. ತುಳುವಿಗೆ ತಿಗಳಾರಿ ಲಿಪಿಯಿದೆ, 2024ರಲ್ಲಿ ಯೂನಿಕೋಡ್‌ಗೂ ಸೇರಿತು. ಸೇರದಿದ್ದರೂ ತುಳು ಭಾಷೆಯೇ ಆಗಿರುತ್ತಿತ್ತು.

ಸರಕಾರದ ಪಟ್ಟಿಗಳನ್ನು ನೋಡುವಾಗ ಅವು ಯಾವ ಪ್ರಶ್ನೆಗೆ ಉತ್ತರವೆಂದು ತಿಳಿದು ನೋಡಬೇಕು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಆರಂಭದಲ್ಲಿ 14 ಭಾಷೆಗಳಿದ್ದವು, ಈಗ 22 ಇವೆ. ಮರಾಠಿಯ ಉಪಭಾಷೆಯೆಂದು ಹಲವರು ವಾದಿಸುತ್ತಿದ್ದ ಕೊಂಕಣಿಯನ್ನು ಸಾಹಿತ್ಯ ಅಕಾಡೆಮಿ 1975ರಲ್ಲಿ ಸ್ವತಂತ್ರ ಸಾಹಿತ್ಯ ಭಾಷೆಯೆಂದು ಮಾನ್ಯ ಮಾಡಿತು, 1992ರಲ್ಲಿ ಅದು ಅನುಸೂಚಿಗೆ ಸೇರಿತು. ಜನಗಣತಿಯಲ್ಲಿ ಹಿಂದಿಯ ಕೆಳಗೆ ಎಣಿಸಲಾಗುತ್ತಿದ್ದ ಮೈಥಿಲಿ 2003ರ ತಿದ್ದುಪಡಿಯಿಂದ ಬೇರೆ ಭಾಷೆಯಾಯಿತು. ಐದು ಕೋಟಿಗೂ ಹೆಚ್ಚು ಜನ ಆಡುವ ಭೋಜಪುರಿ 2011ರ ಗಣತಿಯಲ್ಲಿ ಹಿಂದಿಯ ಕೆಳಗೇ ಇದೆ. ಆ ತಿದ್ದುಪಡಿಯ ಹಿಂದಿನ ದಿನ ಮತ್ತು ಮರುದಿನ ಮೈಥಿಲಿಯನ್ನು ಆಡುವವರ ಮಾತಿನಲ್ಲಿ ಒಂದು ಪ್ರತ್ಯಯವೂ ಬದಲಾಗಲಿಲ್ಲ. 2011ರ ಗಣತಿಯಲ್ಲಿ 18,46,427 ಮಂದಿ ತಾಯ್ನುಡಿಯೆಂದು ಹೇಳಿದ ತುಳುವೂ 1,13,857 ಮಂದಿ ಹೇಳಿದ ಕೊಡವವೂ ಅನುಸೂಚಿಯ ಹೊರಗಿವೆ. ಜರ್ಮನಿಯ ಹೈನ್ಸ್ ಕ್ಲೋಸ್ ಎಂಬ ವಿದ್ವಾಂಸರು ಇದಕ್ಕಾಗಿಯೇ ಎರಡು ಬಗೆಯ ಭಾಷೆಗಳನ್ನು ಗುರುತಿಸಿದ್ದರು: ನೆರೆಯ ಮಾತುಗಳಿಂದ ಇರುವ ಅಂತರದಿಂದಲೇ ಭಾಷೆಯಾದವು, ಮತ್ತು ಬರಹ, ಆಡಳಿತ, ಶಿಕ್ಷಣಗಳಲ್ಲಿ ಬೆಳೆಸಿದ್ದರಿಂದ ಭಾಷೆಯಾದವು. ತುಳು ಅಂತರದಿಂದಲೇ ಭಾಷೆ. ಹಿಂದಿ ಮತ್ತು ಉರ್ದು ಒಂದಕ್ಕೊಂದು ಬೇರೆಯಾಗಿರುವುದು ಬೆಳೆಸಿದ್ದರಿಂದ.

ಮೂರು ಉತ್ತರಗಳು ಮೂರು ದಿಕ್ಕಿಗೆ ಹೋಗುವ ಮಾತು ನಮ್ಮ ಪಕ್ಕದಲ್ಲಿಯೇ ಇದೆ, ನೀಲಗಿರಿಯ ಬಡಗ. ಬಡಗರ ಹಿರಿಯರು ಮೈಸೂರು ಸೀಮೆಯಿಂದ, ಅಂದರೆ ಬಡಗಣದಿಂದ, ಕೆಲವು ಶತಮಾನಗಳ ಹಿಂದೆ ಬೆಟ್ಟ ಹತ್ತಿದವರು. ಮಾತಿನಲ್ಲಿ ಹಾಲು, ಹುಲಿ ಎಂಬ 'ಹ'ಕಾರವಿದೆ, ಆದ್ದರಿಂದ ನಂಟು ಕನ್ನಡದ್ದೆಂಬುದು ಖಚಿತ. ಆದರೆ ಬಡಗದಲ್ಲಿ ನಾಲಿಗೆಯನ್ನು ಮೇಲಕ್ಕೆ ಮಡಿಸಿ ಉಚ್ಚರಿಸುವ ಸ್ವರಗಳಿವೆಯೆಂದು ಭಾಷಾವಿಜ್ಞಾನಿ ಎಂ. ಬಿ. ಎಮಿನೊ ಅವರು 1939ರಲ್ಲಿ ದಾಖಲಿಸಿದರು. ಇಂಥ ಸ್ವರಗಳು ಕನ್ನಡಕ್ಕೆ ಅಪರಿಚಿತ. ಇಂದು ಹಲವು ವಿದ್ವಾಂಸರು ಅದನ್ನು ಬೇರೆ ಭಾಷೆಯೆಂದೇ ಗಣಿಸುತ್ತಾರೆ, ಜನಗಣತಿ ಕನ್ನಡದ ಕೆಳಗೆ ಎಣಿಸುತ್ತದೆ, ಬಡಗರು ತಮ್ಮ ಮಾತನ್ನು ಬಡಗವೆಂದೇ ಕರೆಯುತ್ತಾರೆ. ಇಂಥಲ್ಲಿ ಒಂದೇ ಪದದ ತೀರ್ಪು ಬರೆಯಲು ಹೋಗದೆ ಮೂರು ಉತ್ತರಗಳನ್ನೂ ಮೂರು ವಾಕ್ಯಗಳಲ್ಲಿ ಬರೆಯುವುದೇ ಪ್ರಾಮಾಣಿಕವಾದ ಕ್ರಮವೆಂದು ನನ್ನ ಅಭಿಪ್ರಾಯ.

ವರದಿ ಬರೆಯುವಾಗಲೂ ಹಾಗೆಯೇ ಮಾಡಿ. ನಮ್ಮ ಹವ್ಯಕದ ಬಗ್ಗೆ ನಾನು ಬರೆದುಕೊಂಡದ್ದು ಹೀಗಿದೆ: ಧ್ವನಿ ಮತ್ತು ವ್ಯಾಕರಣಗಳ ನಂಟಿನಿಂದ ಇದು ಕನ್ನಡ, ಹೊರಗಿನ ಕನ್ನಡಿಗರಿಗೆ ಮೊದಲ ಬಾರಿ ಅರ್ಧಕ್ಕಿಂತ ತುಸು ಹೆಚ್ಚು ತಿಳಿಯುತ್ತದೆ, ಸ್ವಲ್ಪ ಒಡನಾಟದಿಂದ ಬಹುಪಾಲು ತಿಳಿಯುತ್ತದೆ, ಆಡುವವರು ಇದನ್ನು ತಮ್ಮದೇ ಮಾತೆಂದು ಪ್ರೀತಿಸಿ, ಕನ್ನಡಿಗರೆಂದೇ ತಮ್ಮನ್ನು ಕರೆದುಕೊಳ್ಳುತ್ತಾರೆ. ಯಾರ ಮಾತು, ಯಾವ ಊರು, ಯಾವ ವಯಸ್ಸು, ಯಾವ ದಿನ ಮುದ್ರಿಸಿದ್ದು ಎಂಬುದನ್ನು ವರದಿಯಲ್ಲಿ ತಪ್ಪದೆ ಸೇರಿಸಿ. ಧ್ವನಿಮುದ್ರಣಗಳನ್ನು ಎರಡು ಕಡೆ ಉಳಿಸಿಡಿ. ಆ ಹಿರಿಯರು ಇಲ್ಲವಾದ ಮೇಲೆ ಆ ಮಾತನ್ನು ಇನ್ನೊಮ್ಮೆ ಕೇಳಲು ಬೇರೆ ದಾರಿ ಇರುವುದಿಲ್ಲ.

ಗಣತಿಯವರು ಮನೆಗೆ ಬಂದು ಮಾತೃಭಾಷೆ ಯಾವುದೆಂದು ಕೇಳಿದಾಗ ಏನು ಹೇಳಬೇಕೆಂದು ಹಲವರು ನನ್ನನ್ನು ವಿಚಾರಿಸಿದ್ದಾರೆ. ಮನೆಯಲ್ಲಿ ಆಡುವ ಮಾತಿಗೆ ನೀವು ಯಾವ ಹೆಸರನ್ನು ಬಳಸುತ್ತೀರೋ ಅದನ್ನೇ ಹೇಳಿ, ಅದನ್ನೇ ಬರೆಸಿ. ಯಾವುದು ಯಾವುದರ ಕೆಳಗೆ ಸೇರಬೇಕೆಂದು ವಿಂಗಡಿಸುವ ಕೆಲಸ ಆಮೇಲೆ ಕಚೇರಿಯಲ್ಲಿ ನಡೆಯುತ್ತದೆ. 2011ರಲ್ಲಿ ಜನರು ಕೊಟ್ಟ ಹೆಸರುಗಳನ್ನು ಪರಿಶೀಲಿಸಿ 1,369 ಮಾತೃಭಾಷೆಗಳಾಗಿಯೂ ಅವನ್ನು 121 ಭಾಷೆಗಳಾಗಿಯೂ ಗುಂಪು ಮಾಡಿದ್ದರು. ನೀವು ಬಲ್ಲ ಇನ್ನೆರಡು ಭಾಷೆಗಳನ್ನು ನಮೂದಿಸಲು ಆ ಗಣತಿಯಲ್ಲಿ ಬೇರೆ ಕಲಂ ಇತ್ತು, ಅಂಥದು ಇದ್ದರೆ ಕನ್ನಡವನ್ನು ಅಲ್ಲಿ ಬರೆಸಬಹುದು. ಗಣತಿದಾರರು ಅಂದಾಜಿನ ಮೇಲೆ ತುಂಬಿಸಿಕೊಂಡು ಹೋಗುತ್ತಿದ್ದರೆ, ಏನು ದಾಖಲಿಸಿದರೆಂದು ಓದಿ ಹೇಳಲು ವಿನಯದಿಂದ ಕೇಳಿಕೊಳ್ಳಿ.